ಹಿಮದೂರಿನ ಪಟ್ಟಿ

ಆ ಭಾನುವಾರ ಜ್ಯೂರಿಕ್ ನಗರದ ನನ್ನ ಮಗನ ಮನೆಯಲ್ಲಿ ಊಟದ ಮೇಜು ಊಟಕ್ಕೆ ಒದಗಲಿಲ್ಲ. ಅದರ ಮೇಲೆ ಆಲ್ಪ್ಸ್ ಪರ್ವತಗಳ ದೊಡ್ಡದೊಂದು ನಕ್ಷೆ ಹರಡಿತ್ತು. ಸುರುಳಿ ಸುತ್ತಿಕೊಳ್ಳಲು ಹವಣಿಸುತ್ತಿದ್ದ ಅದರ ನಾಲ್ಕು ಮೂಲೆಗಳನ್ನು ಉಪ್ಪಿನ ಡಬ್ಬಿ, ಊರಿನಿಂದ ನಾವು ಹೊತ್ತು ತಂದಿದ್ದ ಮಾವಿನ ಮಿಡಿಯ ಭರಣಿ, ನನ್ನ ಕನ್ನಡಕದ ಪೆಟ್ಟಿಗೆ ಮತ್ತು ಮೊಮ್ಮಗಳ ಪೆನ್ಸಿಲ್ ಡಬ್ಬಿ ಒತ್ತಿ ಹಿಡಿದಿದ್ದವು. ಸೊಸೆ ಕಲಸಿ ಕೊಟ್ಟ ಮೊಸರನ್ನವನ್ನು ನಾವೆಲ್ಲ ತಟ್ಟೆ ಕೈಯಲ್ಲಿ ಹಿಡಿದು, ಮದುವೆ ಮನೆಯಲ್ಲಿ ಎಲೆ ಸಿಗದವರಂತೆ, ನಿಂತುಕೊಂಡೇ ಉಂಡೆವು.

ನಾನೂ ನನ್ನ ಹೆಂಡತಿಯೂ ಮಗನ ಮನೆಗೆ ಬಂದು ಆಗ ಎರಡು ವಾರವಾಗಿತ್ತು. ಫೆಬ್ರವರಿ ಮುಗಿಯುವುದರೊಳಗಾಗಿ ಹಿಂದಿರುಗಬೇಕು. ಆ ತಿಂಗಳಲ್ಲಿ ಅಲ್ಲಿನ ಶಾಲೆಗಳಿಗೆ ಎರಡು ವಾರ ರಜೆ. ಅದಕ್ಕೆ ಕ್ರೀಡಾ ರಜೆ ಎಂದೇ ಹೆಸರು. ಮಕ್ಕಳು ಮನೆಯಲ್ಲಿ ಕೂರದೆ ಹಿಮಕ್ಕೆ ಹೋಗಿ ಆಡಲೆಂದು ಪಾಠವನ್ನು ನಿಲ್ಲಿಸುವ ದೇಶವೂ ಒಂದುಂಟೆಂಬುದನ್ನು ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾನು ಮೊದಲ ಸಲ ತಿಳಿದೆ. ಆ ರಜೆಯಲ್ಲಿ ನಮ್ಮೆಲ್ಲರನ್ನೂ ಜೆರ್ಮಾಟ್ ಎಂಬ ಪರ್ವತಗ್ರಾಮಕ್ಕೆ ಆರು ರಾತ್ರಿಗಳ ಮಟ್ಟಿಗೆ ಕರೆದೊಯ್ಯಬೇಕೆಂಬುದು ಮಗನ ಆಸೆ. ಅಲ್ಲಿ ಕೊಠಡಿಗಳನ್ನು ಬೇಸಗೆಯಲ್ಲಿಯೇ ಕಾದಿರಿಸಬೇಕಂತೆ. ನಮ್ಮ ಅದೃಷ್ಟಕ್ಕೆ ಯಾರೋ ಬಿಟ್ಟುಕೊಟ್ಟ ಎರಡು ಕೊಠಡಿಗಳು ಊರಿನ ದೊಡ್ಡ ಹೋಟೆಲೊಂದರಲ್ಲಿ ದೊರೆತಿದ್ದವು. ಸೋಮವಾರ ಬೆಳಗ್ಗೆಯೊಳಗೆ ಒಪ್ಪಿಗೆ ತಿಳಿಸಬೇಕಾಗಿತ್ತು.

ಜೆರ್ಮಾಟ್ ಸ್ವಿಟ್ಜರ್ಲೆಂಡಿನ ದಕ್ಷಿಣದ ಅಂಚಿನಲ್ಲಿ, ವಲೇ ಪ್ರಾಂತದ ಒಂದು ಕಣಿವೆಯ ಕೊನೆಯಲ್ಲಿದೆ. ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರ. ಅದರಾಚೆ ದಾರಿಯಿಲ್ಲ, ಹಿಮನದಿಗಳಿವೆ. ಅವುಗಳಾಚೆ ಇಟಲಿ. ಊರಿನ ನೆತ್ತಿಯ ಮೇಲೆ 4,478 ಮೀಟರ್ ಎತ್ತರದ ಮ್ಯಾಟರ್‌ಹಾರ್ನ್ ಶಿಖರ ಒಂಟಿಯಾಗಿ ನಿಂತಿದೆ. ಅದರ ಚಿತ್ರವನ್ನು ನೀವು ಕ್ಯಾಲೆಂಡರುಗಳಲ್ಲಿ ಕಂಡಿರಬಹುದು. ಈ ಊರಿನೊಳಗೆ ಪೆಟ್ರೋಲಿನ ಮೋಟಾರುಗಾಡಿಗಳಿಗೆ ಪ್ರವೇಶವಿಲ್ಲ. ಎಂತಹ ಕುಬೇರನಾದರೂ ಐದು ಕಿಲೋಮೀಟರ್ ಕೆಳಗಿನ ಟೇಷ್ ಎಂಬ ಹಳ್ಳಿಯಲ್ಲಿ ತನ್ನ ಕಾರನ್ನು ಬಿಟ್ಟು ಎಲ್ಲರೊಡನೆ ರೈಲು ಹತ್ತಬೇಕು. ಊರಿನಲ್ಲಿ ಓಡಾಡುವುದು ವಿದ್ಯುತ್ತಿನಿಂದ ನಡೆಯುವ ಸಣ್ಣ ಬಂಡಿಗಳು, ಒಂದಿಷ್ಟು ಕುದುರೆಗಾಡಿಗಳು. ಈ ಒಂದು ಸಂಗತಿಯೇ ನನಗೆ ಆ ಊರಿನ ಮೇಲೆ ಗೌರವ ಹುಟ್ಟಿಸಿತು.

ಚಳಿಗಾಲದಲ್ಲಿ ಪರ್ವತಕ್ಕೆ ಹೋಗುವುದು ಸುಖವೆಂಬ ಭಾವನೆ ತೀರ ಹಳೆಯದಲ್ಲ. ನೂರೈವತ್ತು ಅರುವತ್ತು ವರ್ಷಗಳ ಹಿಂದೆ ಅದು ಯಾರಿಗೂ ಹೊಳೆದಿರಲಿಲ್ಲ. ಇಂಗ್ಲಿಷರು ಬೇಸಗೆಯಲ್ಲಿ ಬಂದು, ಶರತ್ಕಾಲದ ಮೊದಲ ಹಿಮ ಬೀಳುತ್ತಲೇ ಪೆಟ್ಟಿಗೆ ಕಟ್ಟುತ್ತಿದ್ದರು. ಸೇಂಟ್ ಮೋರಿಟ್ಸ್ ಎಂಬ ಇನ್ನೊಂದು ಪರ್ವತಗ್ರಾಮದಲ್ಲಿ ಯೋಹಾನೆಸ್ ಬಡ್ರುಟ್ ಎಂಬ ಹೋಟೆಲಿನವನು 1864ರಲ್ಲಿ ಅಂಥ ಕೆಲವು ಅತಿಥಿಗಳೊಡನೆ ಪಂದ್ಯ ಕಟ್ಟಿದನೆಂದು ಕಥೆ ಹೇಳುತ್ತಾರೆ: ಚಳಿಗಾಲದಲ್ಲಿ ಬಂದು ನೋಡಿ, ನಮ್ಮಲ್ಲಿ ಬಿಸಿಲು ಹಿತವಾಗಿರದಿದ್ದರೆ ನಿಮ್ಮ ಪ್ರಯಾಣದ ಖರ್ಚು ನನ್ನದು. ಅವರು ಬಂದರು, ವಸಂತಕಾಲದವರೆಗೂ ಉಳಿದರು, ಬಿಸಿಲಿಗೆ ಕಂದಿದ ಮುಖ ಹೊತ್ತು ಹಿಂದಿರುಗಿದರು. ಕಥೆ ಎಷ್ಟು ನಿಜವೋ, ಹೋಟೆಲಿನವರ ಚಾತುರ್ಯವಂತೂ ನಿಜ.

ಸ್ಕೀ ಎಂಬ ಆಟವೂ ಹಾಗೆಯೇ. ಮೂತಿ ಮೇಲಕ್ಕೆ ಬಾಗಿದ ಎರಡು ಉದ್ದನೆಯ ಪಟ್ಟಿಗಳನ್ನು ಕಾಲಿಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಆಟ ಇದು. ನಾರ್ವೆ ದೇಶದವರಿಗೆ ಅದು ಹಿಂದಿನಿಂದಲೂ ನಡಿಗೆಯಷ್ಟೇ ಸಹಜ. ಆಲ್ಪ್ಸ್ ಸೀಮೆಯವರಿಗೆ ಮೊದಮೊದಲು ಅದೊಂದು ವಿನೋದವಾಗಿತ್ತು. ಷರ್ಲಾಕ್ ಹೋಮ್ಸನ ಪತ್ತೇದಾರಿ ಕಥೆಗಳನ್ನು ಬರೆದ ಆರ್ಥರ್ ಕಾನನ್ ಡಾಯ್ಲ್, ಕ್ಷಯದಿಂದ ನರಳುತ್ತಿದ್ದ ಹೆಂಡತಿಯ ಆರೋಗ್ಯಕ್ಕಾಗಿ ದಾವೋಸಿನಲ್ಲಿದ್ದಾಗ, 1894ರ ಮಾರ್ಚಿನಲ್ಲಿ ಊರಿನ ಇಬ್ಬರು ಸೋದರರ ಜೊತೆಗೂಡಿ ಸ್ಕೀ ಮೇಲೆ ಪರ್ವತವನ್ನು ದಾಟಿ ಅರೋಸಾ ಎಂಬ ಊರನ್ನು ಸೇರಿದನು. ಆಮೇಲೆ ಅದನ್ನು ಕುರಿತು ಪತ್ರಿಕೆಯಲ್ಲಿ ಬರೆದನು. ಬರೆಯುವವರು ಬಿದ್ದರೂ ನಷ್ಟವಿಲ್ಲ, ಲೇಖನವೊಂದು ಏಳುತ್ತದೆ.

ಊಟ ಮುಗಿದ ಮೇಲೆ ಕಾಗದದ ಕೆಲಸ ಮೊದಲಾಯಿತು. ಸುಖಪ್ರವಾಸವೊಂದಕ್ಕೆ ಇಷ್ಟು ವಿಚಾರ ಬೇಕೆಂದು ನಾನು ಎಣಿಸಿರಲಿಲ್ಲ. ಜ್ಯೂರಿಕಿನಿಂದ ಫಿಸ್ಪ್ ಎಂಬ ಊರಿನವರೆಗೆ ಒಂದು ರೈಲು. ಅದು 2007ರಲ್ಲಿ ತೆರೆದ, ಮೂವತ್ತನಾಲ್ಕು ಕಿಲೋಮೀಟರಿಗೂ ಉದ್ದವಾದ ಲೋಟ್ಷ್‌ಬರ್ಗ್ ಸುರಂಗದಲ್ಲಿ ನುಸುಳಿ ಬರುತ್ತದೆ. ಫಿಸ್ಪಿನಲ್ಲಿ ಇಳಿದು ಕಣಿವೆಯನ್ನು ಹತ್ತುವ ಸಣ್ಣ ರೈಲನ್ನು ಹಿಡಿಯಬೇಕು. ಈ ಹಾದಿ 1891ರಷ್ಟು ಹಳೆಯದಾದರೂ ಬಹುಕಾಲ ಬೇಸಗೆಯಲ್ಲಿ ಮಾತ್ರ ನಡೆಯುತ್ತಿತ್ತು. ಚಳಿಗಾಲದಲ್ಲಿ ಜೆರ್ಮಾಟಿನವರು ಲೋಕದಿಂದ ದೂರವಾಗಿ, ತಮ್ಮ ಹಸುಗಳೊಡನೆ ತಾವಿರುತ್ತಿದ್ದರು. ಈಗಲೂ ಹಿಮ ಮುನಿದರೆ ದಾರಿ ಮುಚ್ಚುತ್ತದೆ. 2018ರ ಜನವರಿಯಲ್ಲಿ ರಸ್ತೆಯೂ ರೈಲೂ ನಿಂತುಹೋಗಿ ಸುಮಾರು 13,000 ಪ್ರವಾಸಿಗರು ಆ ಊರಿನಲ್ಲಿ ಸಿಕ್ಕಿಕೊಂಡಿದ್ದರು, ಕೆಲವರನ್ನು ಹೆಲಿಕಾಪ್ಟರಿನಲ್ಲಿ ಸಾಗಿಸಬೇಕಾಯಿತು. ಆದ್ದರಿಂದ ನಮ್ಮ ವಿಮಾನದ ದಿನಕ್ಕೂ ಜೆರ್ಮಾಟಿನಿಂದ ಹೊರಡುವ ದಿನಕ್ಕೂ ನಡುವೆ ಐದು ದಿನ ಬಿಡುವಿರಬೇಕೆಂದು ಸೊಸೆ ಹಟ ಹಿಡಿದಳು. ನನ್ನ ರಕ್ತದೊತ್ತಡದ ಗುಳಿಗೆಗಳನ್ನು ಒಂದು ವಾರಕ್ಕೆ ಹೆಚ್ಚಾಗಿಯೇ ಕಟ್ಟಬೇಕೆಂದು ನನ್ನ ಹೆಂಡತಿ ಅದಕ್ಕೆ ಅನುಬಂಧ ಸೇರಿಸಿದಳು.

ಸೊಸೆಯೂ ಮೊಮ್ಮಗಳೂ ಸ್ಕೀ ಬಲ್ಲವರು. ಅವರ ಬೆರಳು ನಕ್ಷೆಯ ಮೇಲಿನ ಬಣ್ಣದ ಗೆರೆಗಳ ಮೇಲೆ ಜಾರುತ್ತಿತ್ತು. ನೀಲಿ ಗೆರೆ ಸುಲಭವಾದ ಇಳಿಜಾರು, ಕೆಂಪು ನಡುವಣದು, ಕಪ್ಪು ಕಡಿದಾದದ್ದು. ಗೆರೆಗಳಾಚೆ ಬಿಳಿಯಾಗಿರುವ ಕಡೆ ಹೋಗಕೂಡದೆಂದು ಮಗಳಿಗೆ ತಾಯಿ ಮತ್ತೆ ಮತ್ತೆ ಹೇಳಿದಳು. ಅಲ್ಲಿ ಹಿಮ ಕುಸಿಯುತ್ತದೆ. ದಾವೋಸಿನ ಸಂಶೋಧನಾಲಯವೊಂದು ಚಳಿಗಾಲದಲ್ಲಿ ಹಿಮಪಾತದ ಅಪಾಯವನ್ನು ಒಂದರಿಂದ ಐದರವರೆಗೆ ಅಳೆದು ದಿನವೂ ಪ್ರಕಟಿಸುತ್ತದೆ. ಕುಸಿದ ಹಿಮದಡಿಯಲ್ಲಿ ಹೂತುಹೋದವನಿಗೆ ಮೊದಲ ಕಾಲುಗಂಟೆಯೇ ಆಯುಷ್ಯ. ದೂರದಿಂದ ಬರುವ ಸಹಾಯಕ್ಕಿಂತ ಪಕ್ಕದಲ್ಲಿರುವವನ ಸಲಿಕೆಯೇ ಅವನನ್ನು ಉಳಿಸುವುದು ಹೆಚ್ಚು. ಇನ್ನೊಂದು ಎಚ್ಚರ ಕೇಳಿ ನನಗೆ ನಗು ಬಂತು. ಈ ಊರಿನಿಂದ ಜಾರುತ್ತ ಜಾರುತ್ತ ಇಟಲಿಗೆ ಹೋಗಿ ಅಲ್ಲಿ ಊಟ ಮಾಡಿ ಬರಬಹುದು. ಆದರೆ ಸಂಜೆ ಹಿಂದಿರುಗುವ ಕೊನೆಯ ತೂಗುತೊಟ್ಟಿಲನ್ನು ತಪ್ಪಿಸಿಕೊಂಡರೆ, ಕಣ್ಣಿಗೆ ಕಾಣುವ ಮನೆಯನ್ನು ಸೇರಲು ಪರ್ವತಗಳನ್ನೆಲ್ಲ ಸುತ್ತಿ ಗಂಟೆಗಟ್ಟಲೆ ಕಾರಿನಲ್ಲಿ ಬರಬೇಕು. ಹೊಳೆಯಾಚೆಯ ತೋಟದಲ್ಲಿ ಹೊತ್ತು ಮರೆತು ಕೂತು, ಕೊನೆಯ ದೋಣಿ ತಪ್ಪಿದವರ ಪಾಡೇ ಇದು.

ಸ್ಕೀ ಆಡುವವರು ಪಾಲಿಸಬೇಕಾದ ಹತ್ತು ನಿಯಮಗಳನ್ನು ಅಂತರರಾಷ್ಟ್ರೀಯ ಸಂಸ್ಥೆಯವರು 1967ರಲ್ಲಿ ಮಾಡಿದ್ದಾರೆ. ಅದರಲ್ಲೊಂದು ನನಗೆ ಬಹಳ ಹಿಡಿಸಿತು. ಮೇಲಿನಿಂದ ಬರುವವನು ಕೆಳಗಿರುವವನಿಗೆ ಅಪಾಯವಾಗದಂತೆ ತನ್ನ ದಾರಿಯನ್ನು ತಾನೇ ನೋಡಿಕೊಳ್ಳಬೇಕು. ಕೆಳಗಿರುವವನಿಗೆ ಬೆನ್ನಿನಲ್ಲಿ ಕಣ್ಣಿಲ್ಲವಷ್ಟೆ. ಇದನ್ನು ಮೊಮ್ಮಗಳು ಜರ್ಮನಿನಲ್ಲಿ ಒಪ್ಪಿಸಿ ನನಗೆ ಕನ್ನಡದಲ್ಲಿ ಅರ್ಥ ಹೇಳಿದಳು. ಅವಳ ಕನ್ನಡದಲ್ಲಿ ‘ಳ’ಕಾರವೂ ಜಾರುತ್ತದೆ.

ನನ್ನ ಮತ್ತು ಹೆಂಡತಿಯ ಪಾಲಿಗೆ ಬೇರೆ ಯೋಜನೆ ಇತ್ತು. ಗೋರ್ನರ್‌ಗ್ರಾಟ್ ಎಂಬ ಬೆಟ್ಟದ ತುದಿಗೆ ಹಲ್ಲುಹಳಿಯ ವಿದ್ಯುತ್ ರೈಲು 1898ರಿಂದಲೂ ಏರುತ್ತಿದೆ. ನಿಲ್ದಾಣವಿರುವುದು 3,089 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ಮೇಲೆ ಇನ್ನೂ ಸಾವಿರದ ನೂರಕ್ಕೂ ಹೆಚ್ಚು ಮೀಟರ್ ಏರಿದಂತೆ. ಬಂದ ದಿನವೇ ಹೋಗದೆ, ಎರಡು ದಿನ ಊರಿನ ಗಾಳಿಗೆ ಒಗ್ಗಿಕೊಂಡು ಹೋಗುವುದೆಂದು ತೀರ್ಮಾನವಾಯಿತು. ಉಳಿದ ಹೊತ್ತಿಗೆ ಊರಿನ ಹಳೆಯ ಕೇರಿಯನ್ನು ನೋಡಬೇಕೆಂದು ನಾನು ಗುರುತು ಹಾಕಿಕೊಂಡೆ. ಅಲ್ಲಿ ಬಿಸಿಲಿಗೆ ಕಪ್ಪಾದ ಮರದ ಕಣಜಗಳಿವೆ. ಅವನ್ನು ಮರದ ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ್ದಾರೆ. ಪ್ರತಿ ಕಂಬದ ನೆತ್ತಿಗೂ ಅಗಲವಾದ ಚಪ್ಪಟೆ ಕಲ್ಲಿನ ಬಿಲ್ಲೆ. ಕಂಬ ಹತ್ತಿದ ಇಲಿ ಆ ಕಲ್ಲಿನ ಅಡಿಗೆ ಬಂದು ನಿಲ್ಲುತ್ತದೆ, ತಲೆಕೆಳಗಾಗಿ ನಡೆಯಲಾರದೆ ಹಿಂದಿರುಗುತ್ತದೆ. ಒಂದು ಸೇರು ಧಾನ್ಯವನ್ನೂ ಇಲಿಗೆ ಬಿಡಲಾರದಷ್ಟು ಬಡತನವಿದ್ದ ಊರು ಅದು. ಇಂದು ಅದೇ ಕೇರಿಯ ಪಕ್ಕದಲ್ಲಿ ಒಂದು ರಾತ್ರಿಯ ನಿದ್ರೆಗೆ ಸಾವಿರ ಫ್ರಾಂಕು ತೆರುವವರು ಮಲಗುತ್ತಾರೆ. 1963ರಲ್ಲಿ ಈ ಸಿರಿವಂತ ಊರಿನ ಕುಡಿಯುವ ನೀರು ಕೆಟ್ಟು, ವಿಷಮಶೀತ ಜ್ವರ ಹಬ್ಬಿ ನೂರಾರು ಜನ ಮಲಗಿದ ಸಂಗತಿಯನ್ನೂ ಓದಿದೆ. ಹೋಟೆಲುಗಳು ಬೆಳೆದ ವೇಗದಲ್ಲಿ ನೀರಿನ ವ್ಯವಸ್ಥೆ ಬೆಳೆದಿರಲಿಲ್ಲ.

ಊರಿನ ವಸ್ತುಸಂಗ್ರಹಾಲಯದಲ್ಲಿ ಒಂದು ತುಂಡು ಹಗ್ಗವಿದೆ. 1865ರ ಜುಲೈ 14ರಂದು ಎಡ್ವರ್ಡ್ ವಿಂಪರ್ ಎಂಬ ಇಂಗ್ಲಿಷ್ ತರುಣನೊಡನೆ ಏಳು ಜನ ಮ್ಯಾಟರ್‌ಹಾರ್ನನ್ನು ಮೊದಲ ಸಲ ಏರಿದರು. ಒಂದೇ ಹಗ್ಗದ ಸಾಲಿನಲ್ಲಿ ಕಟ್ಟಿಕೊಂಡು ಇಳಿಯುವಾಗ ಹ್ಯಾಡೋ ಎಂಬ ಹತ್ತೊಂಬತ್ತರ ಅನನುಭವಿ ಹುಡುಗ ಕಾಲು ಜಾರಿ ಮುಂದಿದ್ದ ಮಾರ್ಗದರ್ಶಿಯ ಮೇಲೆ ಬಿದ್ದನು. ಇನ್ನಿಬ್ಬರು ಅವರ ಹಿಂದೆಯೇ ಹೋದರು. ಮಧ್ಯದಲ್ಲಿ ಹಗ್ಗ ತುಂಡಾಯಿತು. ನಾಲ್ವರು ಸತ್ತರು, ವಿಂಪರನೂ ಜೆರ್ಮಾಟಿನ ತಂದೆಮಗ ತೌಗ್‌ವಾಲ್ಡರರೂ ಉಳಿದರು. ತುಂಡಾದದ್ದು ಅವರ ಬಳಿಯಿದ್ದ ಹಗ್ಗಗಳಲ್ಲೆಲ್ಲ ದುರ್ಬಲವಾದದ್ದು. ತಂದೆಯೇ ಅದನ್ನು ಬೇಕೆಂದು ಆರಿಸಿದನೆಂದೂ, ಕೊಯ್ದನೆಂದೂ ಜನ ಆಡಿಕೊಂಡರು. ವಿಚಾರಣೆಯಲ್ಲಿ ಅವನ ಮೇಲೆ ತಪ್ಪು ಹೊರಿಸಲಿಲ್ಲ, ಆದರೂ ಮಾತು ನಿಲ್ಲಲಿಲ್ಲ. ಆ ದುರಂತದ ಸುದ್ದಿಯಿಂದಲೇ ಊರು ಲೋಕಪ್ರಸಿದ್ಧವಾಯಿತು. ಆ ಹಗ್ಗವನ್ನು ನೋಡಬೇಕೆಂದು ನಾನು ಟಿಪ್ಪಣಿಯಲ್ಲಿ ಮೊದಲ ಸಾಲಾಗಿ ಬರೆದುಕೊಂಡೆ.

ಇಷ್ಟೆಲ್ಲ ಆದಮೇಲೆ ಮಗ ಲೆಕ್ಕದ ಹಾಳೆಯನ್ನು ನನ್ನ ಮುಂದಿಟ್ಟನು. ಬೆಳಗಿನ ತಿಂಡಿ, ರಾತ್ರಿಯ ಊಟ ಸೇರಿದ ಕೊಠಡಿಗಳು, ತೂಗುತೊಟ್ಟಿಲಿನ ಚೀಟಿಗಳು, ಬಾಡಿಗೆಯ ಸ್ಕೀ, ಮೊಮ್ಮಗಳಿಗೆ ಶಿಕ್ಷಕ, ಅಪಘಾತದ ವಿಮೆ. ಗಾಯಗೊಂಡವರನ್ನು ಹೆಲಿಕಾಪ್ಟರಿನಲ್ಲಿ ತರುವ ಖರ್ಚನ್ನು ಗಾಯಗೊಂಡವರೇ ಭರಿಸಬೇಕಾದೀತೆಂದು ವಿಮೆ. ಎಲ್ಲ ಸೇರಿ 15,000 ಫ್ರಾಂಕು. ಒಂದು ಫ್ರಾಂಕಿಗೆ ನೂರು ರೂಪಾಯಿಗೂ ಮೇಲೆ. ನಾನು ಕಣ್ಣಿನಲ್ಲಿಯೇ ಗುಣಿಸಿದೆ. ನಿವೃತ್ತನಾದ ದಿನ ನನ್ನ ಕೈಗೆ ಬಂದ ಹಣ ಅಷ್ಟಿರಲಿಲ್ಲ.

“ಇದು ಅತಿಯಾಯಿತು” ಎಂದೆ. “ಟೇಷ್ ಎಂಬ ಆ ಕೆಳಗಿನ ಹಳ್ಳಿಯಲ್ಲಿ ಸಾಧಾರಣ ಕೊಠಡಿ ಹಿಡಿದರೆ ಅರ್ಧಕ್ಕೆ ಮುಗಿಯುತ್ತದೆ. ರೈಲು ಹೇಗೂ ಇದೆ. ಆ ಹೋಟೆಲಿನಲ್ಲಿ ನಮ್ಮ ಹಾಸಿಗೆ ಹಾಸುವವರು ಮನೆ ಬಿಟ್ಟು ಪೋರ್ಚುಗಲ್ಲಿನಿಂದ ದುಡಿಯಲು ಬಂದವರು. ಅವರೆದುರಿಗೆ ಈ ಹಣ ಚೆಲ್ಲಿ ಕೂರಲು ನನಗಾಗದು. ಅದೂ ಅಲ್ಲದೆ ಆ ಹಿಮವೇ ಎಷ್ಟು ದಿನವೋ! 2022 ಮತ್ತು 2023, ಎರಡೇ ವರ್ಷಗಳಲ್ಲಿ ಈ ದೇಶದ ಹಿಮನದಿಗಳಲ್ಲಿ ಹತ್ತರಲ್ಲೊಂದು ಪಾಲು ಕರಗಿಹೋಯಿತೆಂದು ನೀನೇ ಹೇಳಿದೆಯಲ್ಲ.”

ನನ್ನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ತರಗತಿಯಲ್ಲಿ ಆಡುವ ದನಿ ಅದಕ್ಕೆ ಬಂದಿತ್ತು. ಸೊಸೆ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದನು. ಆಮೇಲೆ ನಕ್ಷೆಯನ್ನು ನೋಡುತ್ತಲೇ, “ಅಪ್ಪ, ಜೋಗಕ್ಕೆ ಹೋದಾಗ ಬಸ್ಸಿನಲ್ಲಿ ಎಷ್ಟು ಸೀಟುಗಳಿದ್ದವು?” ಎಂದು ಕೇಳಿದನು.

ಐವತ್ತೆರಡು. ಮರೆಯುವಂತಿಲ್ಲ. ಅವನು ಎಂಟನೆಯ ತರಗತಿಯಲ್ಲಿದ್ದ ವರ್ಷ ನಮ್ಮ ಶಾಲೆಯ ಪ್ರವಾಸಕ್ಕೆ ನಾನೇ ಮೇಲ್ವಿಚಾರಕನಾಗಿದ್ದೆ. ಪಟ್ಟಿ ಭರ್ತಿಯಾದ ಮೇಲೆ ಒಬ್ಬ ಹುಡುಗ ಚಿಲ್ಲರೆ ಕಟ್ಟಿದ ಕರವಸ್ತ್ರವನ್ನು ಮೇಜಿನ ಮೇಲೆ ಬಿಚ್ಚಿದನು. ತಾಯಿ ಕೂಲಿಯಲ್ಲಿ ಉಳಿಸಿದ ಹಣ ಎಂದನು. ಐವತ್ಮೂರನೆಯ ಹೆಸರು. ನಾನು ಪಟ್ಟಿಯನ್ನು ಒಮ್ಮೆ ನೋಡಿ ನನ್ನ ಮಗನ ಹೆಸರನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದೆ. ಮೇಷ್ಟರೆಂದರೆ ಹೀಗಿರಬೇಕೆಂದು ಶಾಲೆಯಲ್ಲಿ ಎಲ್ಲರೂ ಹೊಗಳಿದರು. ಆ ಹೊಗಳಿಕೆಯ ಬಿಸಿಲಿನಲ್ಲಿ ನಾನು ಬಹಳ ದಿನ ಮೈ ಕಾಯಿಸಿಕೊಂಡೆ. ಪ್ರವಾಸದಿಂದ ಹಿಂದಿರುಗಿದ ರಾತ್ರಿ ಮಗ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. ರಾಜ ಯಾವ ಕಡೆ, ರಾಣಿ ಯಾವ ಕಡೆ? ನಾನು ಹಾಳೆಯ ಮೇಲೆ ನಾಲ್ಕು ಗೆರೆ ಎಳೆದು ತೋರಿಸಿದೆ. ಜೋಗವನ್ನು ಅವನು ಆ ನಾಲ್ಕು ಗೆರೆಗಳಲ್ಲಿ ಕಂಡನು.

“ಆ ಹುಡುಗ ಹೋದದ್ದು ಸರಿಯೇ, ಅಪ್ಪ. ಅವನು ಈಗಲೂ ನನ್ನ ಗೆಳೆಯ” ಎಂದನು ಮಗ. “ಆದರೆ ನೀವು ನನ್ನನ್ನು ಒಂದು ಮಾತು ಕೇಳಬಹುದಾಗಿತ್ತು. ನಾನೇ ಬಿಟ್ಟುಕೊಡುತ್ತಿದ್ದೆ. ನಾನು ಬಿಟ್ಟುಕೊಟ್ಟಂತಾಗುತ್ತಿತ್ತು.”

ನನ್ನ ಹೆಂಡತಿ ಬತ್ತಿ ಹೊಸೆಯುತ್ತಿದ್ದವಳು ಕೈ ನಿಲ್ಲಿಸಿದಳು. ಅವಳು ಏನೂ ಹೇಳಲಿಲ್ಲ. ಆ ವರ್ಷ ಅವಳಿಗೆ ಹೇಳುವುದಿತ್ತೆಂದು ನನಗೆ ಗೊತ್ತು.

ನಾನು ಎದ್ದು ಕಿಟಕಿಯ ಬಳಿಗೆ ಹೋದೆ. ಹೊರಗೆ ಡಿಸೆಂಬರಿನ ಮಬ್ಬು. ಜ್ಯೂರಿಕಿನಲ್ಲಿ ಆ ದಿನ ಹಿಮವಿರಲಿಲ್ಲ, ಮಳೆಯ ತುಂತುರು ಬೀಳುತ್ತಿತ್ತು. ನನ್ನ ಮಿತವ್ಯಯದ ಬೆಲೆಯನ್ನು ಎಷ್ಟೋ ಸಲ ಬೇರೆಯವರು ತೆತ್ತಿದ್ದರು. ಈ ಲೆಕ್ಕವನ್ನು ನಾನು ಅದುವರೆಗೆ ಹಾಕಿರಲಿಲ್ಲ. ಹೋಟೆಲಿನ ವಿಷಯದಲ್ಲಿ ನನ್ನ ಮಾತು ತಪ್ಪೆಂದು ಈಗಲೂ ನಾನು ಒಪ್ಪಲಾರೆ. ಅದು ಅತಿಯೇ. ಆದರೆ ಅದನ್ನು ಹೊಡೆದುಹಾಕುವ ಕೆಂಪು ಶಾಯಿ ಈ ಸಲ ನನ್ನ ಕೈಯಲ್ಲಿರಲಿಲ್ಲ.

ಹಿಂದಿರುಗಿ ಬಂದು, “ಆಗಲಿ, ಆ ಕೊಠಡಿಗಳಿಗೇ ಒಪ್ಪಿಗೆ ಬರೆ” ಎಂದೆ. “ಕುದುರೆಗಾಡಿಯೊಂದು ಬೇಡ. ನಿಲ್ದಾಣದಿಂದ ನಡೆದು ಹೋಗೋಣ.” ಮಗ ನಕ್ಕನು. ಆ ನಗುವಿನಲ್ಲಿ ಇನ್ನೂ ಸ್ವಲ್ಪ ಬಿಗಿಯಿತ್ತು. ಅದು ಒಂದೇ ಸಂಜೆಯಲ್ಲಿ ಕರಗುವಂಥದಲ್ಲ.

ಉಳಿದದ್ದು ಸ್ಕೀ ಬಾಡಿಗೆಯ ಪತ್ರ. ಪಾದರಕ್ಷೆಯನ್ನು ಪಟ್ಟಿಗೆ ಹಿಡಿದಿಡುವ ಕೊಂಡಿಯನ್ನು ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬಿಗಿಯಬೇಕು. ಬಿದ್ದಾಗ ಅದು ತಾನಾಗಿ ಕಳಚಿಕೊಳ್ಳದಿದ್ದರೆ ಕಾಲು ಮುರಿಯುತ್ತದೆ, ಸುಮ್ಮಸುಮ್ಮನೆ ಕಳಚಿಕೊಂಡರೆ ಬೀಳಬಾರದ ಕಡೆ ಬೀಳುತ್ತಾರೆ. ಆದ್ದರಿಂದ ಎತ್ತರ, ತೂಕ, ವಯಸ್ಸು, ಪಾದರಕ್ಷೆಯ ಅಟ್ಟೆಯ ಉದ್ದ, ಆಟದಲ್ಲಿನ ಅನುಭವ, ಎಲ್ಲವನ್ನೂ ಸಂಕೋಚವಿಲ್ಲದೆ ನಿಜವಾಗಿ ಬರೆಯಬೇಕು. ಮೊಮ್ಮಗಳು ಬರೆಯಲು ಕೂತಳು. ಅಮ್ಮನ ತೂಕವನ್ನು ಅವಳು ಗಟ್ಟಿಯಾಗಿ ಓದಿದಾಗ ಒಳಗಿನಿಂದ ಗದರಿಕೆ ಕೇಳಿಸಿತು.

ಪಟ್ಟಿಯನ್ನು ನಾನು ಕೈಗೆ ತೆಗೆದುಕೊಂಡು ನೋಡಿದೆ. ಹಳೆಯ ಅಭ್ಯಾಸ. ಎರಡೇ ಹೆಸರುಗಳಿದ್ದವು.

“ನಿಮ್ಮಪ್ಪನದು ಎಲ್ಲಿ?”

“ಅಪ್ಪನಿಗೆ ಬರುವುದಿಲ್ಲ, ತಾತ. ಅವರು ಯಾವಾಗಲೂ ಕೆಳಗೆ ನಿಂತು ನಮ್ಮ ಚೀಲ ಕಾಯುತ್ತಾರೆ.”

ಹನ್ನೊಂದು ವರ್ಷದಿಂದ ಆ ದೇಶದಲ್ಲಿದ್ದವನು. ಮೊದಲ ವರ್ಷಗಳಲ್ಲಿ ತಂಗಿಯ ಮದುವೆಯ ಸಾಲ, ಆಮೇಲೆ ಊರಿನ ಮನೆಯ ಛಾವಣಿ, ಆಮೇಲೆ ಮಗಳ ಪಾಠ. ಕಲಿಯುವ ಹೊತ್ತು ಹೀಗೆ ಕಳೆದುಹೋಗಿತ್ತು. ಈಗ ಲೆಕ್ಕದ ಹಾಳೆಯಲ್ಲಿ ಎಲ್ಲರಿಗೂ ಎಲ್ಲವನ್ನೂ ಹಾಕಿ ತನ್ನ ಹೆಸರನ್ನು ತಾನೇ ಬಿಟ್ಟಿದ್ದನು. ಈ ವಿದ್ಯೆ ಅವನಿಗೆ ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ.

“ಹೊಸಬರಿಗೆ ಪಾಠ ಹೇಳುವ ಶಿಕ್ಷಕರು ಇರುತ್ತಾರಲ್ಲವೆ?”

“ಇರುತ್ತಾರೆ, ಮಾವ. ದೊಡ್ಡವರಿಗೇ ಬೇರೆ ತರಗತಿ ಇದೆ” ಎಂದಳು ಸೊಸೆ, ಬಾಗಿಲಲ್ಲಿ ನಿಂತು. ಅವಳ ದನಿಯಲ್ಲಿ ಉತ್ಸಾಹವಿತ್ತು.

ಮೊಮ್ಮಗಳ ಕೈಯಿಂದ ಲೇಖನಿಯನ್ನು ತೆಗೆದುಕೊಂಡೆ. ಬರೆಯುವ ಮುನ್ನ ನಿಲ್ಲಿಸಿ, ಮಗನ ಕಡೆ ತಿರುಗಿದೆ.

“ನಿನ್ನ ಹೆಸರು ಸೇರಿಸಲೇ? ಕೇಳುತ್ತಿದ್ದೇನೆ.”

ಅವನು ನಕ್ಷೆಯ ಮೂಲೆಯ ಮೇಲಿದ್ದ ಉಪ್ಪಿನಕಾಯಿ ಭರಣಿಯನ್ನು ಸುಮ್ಮನೆ ಅತ್ತಿಂದಿತ್ತ ಸರಿಸಿದನು. “ನಲವತ್ತಕ್ಕೆ ಹತ್ತಿರವಾಯಿತು, ಅಪ್ಪ. ಚಿಕ್ಕ ಮಕ್ಕಳ ಮುಂದೆ ಬೀಳುತ್ತೇನೆ.”

“ಬೀಳು. ನಾನೂ ನಿಮ್ಮಮ್ಮನೂ ಕೆಳಗೆ ನಿಂತು ಚೀಲ ಕಾಯುತ್ತೇವೆ. ನಿನ್ನ ತೂಕವೆಷ್ಟು ಹೇಳು, ನಿಜ ಹೇಳು.”

ಅವನು ಹೇಳಿದನು. ಮೊಮ್ಮಗಳು ಅಳತೆಯ ಪಟ್ಟಿ ತರಲು ಒಳಗೆ ಓಡಿದಳು.